ಬ್ಯಾಟರಿ ಸರಿಯಾಗಿಯೇ ಇದೆ

ಫೆಬ್ರವರಿ 3

ಅಪ್ಪಾ,

ನಾವೆಲ್ಲ ಕ್ಷೇಮ ಎಂದು ಶುರುಮಾಡುವುದು ವಾಡಿಕೆ. ಕ್ಷೇಮವಿಲ್ಲ. ನೀವು ಕೊಟ್ಟ ಕಾರು ಸ್ಟಾರ್ಟ್ ಆಗುತ್ತಿಲ್ಲ.

ಯಾವಾಗಲೂ ಸ್ಟಾರ್ಟ್ ಆಗದಿದ್ದರೆ ಕೈಮುಗಿದು ಗುಜರಿಗೆ ಕಳಿಸುತ್ತಿದ್ದೆ. ಇದು ಹಾಗಲ್ಲ. ಒಂದು ದಿನ ಕೀಲಿ ತಿರುಗಿಸಿದ ಕೂಡಲೇ ಹಸುವಿನ ಹಾಗೆ ಹೊರಡುತ್ತದೆ. ಮರುದಿನ ‘ಟಕ್’ ಅನ್ನುತ್ತದೆ, ಅಷ್ಟೇ. ಬೇಡದ ನೆಂಟರನ್ನು ಕಂಡು ನಾಲಿಗೆ ಲೊಚಗುಟ್ಟಿದ ಹಾಗೆ ಒಂದೇ ಒಂದು ಟಕ್.

ಬೀದಿ ಕೊನೆಯ ಮೆಕ್ಯಾನಿಕ್ ಮೂರು ಸಲ ಬಂದ. ಬಾನೆಟ್ ಎತ್ತುತ್ತಾನೆ, ಮಗುವಿನ ತಲೆ ಮೇಲೆ ಕೈಯಿಡುವ ಹಿರಿಯರ ಹಾಗೆ ಬ್ಯಾಟರಿಯನ್ನೊಮ್ಮೆ ಅದುಮುತ್ತಾನೆ, ಕೀಲಿ ತಿರುಗಿಸುತ್ತಾನೆ. ಇನ್‌ಸ್ಪೆಕ್ಟರ ಮುಂದೆ ಮಗ್ಗಿ ಒಪ್ಪಿಸುವವರ ಹಾಗೆ ಎಂಜಿನ್ ಗಡಗಡ ಶುರು. ಮೊದಲೆರಡು ಸಲ ಏನೂ ಆಗಿಲ್ಲ ಎಂದ. ಮೂರನೆಯ ಸಲ, ಸ್ಟಾರ್ಟರ್ ಮೋಟಾರ್ ಹೋಗಿರಬಹುದು ಎಂದು ನನ್ನ ಮುಖ ನೋಡಿದವನು, “ಅದಿರ್ಲಿ ಮೇಡಂ, ನೀವು ಸ್ವಲ್ಪ ನಿದ್ದೆ ಮಾಡಿ” ಎಂದ.

ಹೋದ ಮಂಗಳವಾರ ಸಂಜೆ ಪಾಪುವಿಗೆ ಜ್ವರ ಏರಿತು. ನೂರಾ ಮೂರು. ಮೈ ಸೆಟೆದುಕೊಂಡಿತು, ಕಣ್ಣು ಮೇಲೆ ಸಿಕ್ಕಿಕೊಂಡಿತು. ಹಿಂದಿನ ಸೀಟಿನಲ್ಲಿ ಮಲಗಿಸಿ ಕೀಲಿ ತಿರುಗಿಸಿದೆ. ಟಕ್. ಹನ್ನೊಂದು ಸಲ ತಿರುಗಿಸಿದೆ ಅಪ್ಪಾ, ಎಣಿಸಿದ್ದೇನೆ. ಕೊನೆಗೆ ಎದುರುಮನೆಯ ಟೈಲರ್ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದರು. ಈಗ ಪಾಪು ಗೆಲುವಾಗಿದ್ದಾಳೆ, ನನ್ನ ಕೂದಲು ಕೀಳುತ್ತಿದ್ದಾಳೆ. ಜ್ವರ ಬಂದರೆ ಇದು ಮತ್ತೆ ಆಗಬಹುದಂತೆ. ಹಾಗಾದರೆ ತಡಮಾಡದೆ ಕರೆತನ್ನಿ ಎಂದಿದ್ದಾರೆ ಡಾಕ್ಟರು. ತಡಮಾಡದೆ ಎಂಬ ಮಾತನ್ನು ಈ ಕಾರಿಗೆ ಯಾರು ಹೇಳುವುದು?

ನಿಮ್ಮ ಅಳಿಯಂದಿರು ಅಣೆಕಟ್ಟಿನ ಕೆಲಸದಿಂದ ಬರುವುದು ಮಾರ್ಚ್ ಕೊನೆಗೆ. ಅಷ್ಟರಲ್ಲಿ ಸರಿಹೋಗದಿದ್ದರೆ ಮಾರಿಬಿಡೋಣ ಎಂದಿದ್ದಾರೆ. ಮಾರಿದ ಮೇಲೆ ಜ್ವರ ಬಂದರೆ? ನಾನು ಕೇಳಲಿಲ್ಲ. ಕೇಳಿದರೆ ನನಗೆ ನಿದ್ದೆ ಸಾಲದು ಎಂದು ಅವರೂ ಹೇಳುತ್ತಾರೆ.

ಫೋನು ಮಾಡೋಣವೆಂದರೆ ನಿಮ್ಮ ಕಿವಿ ವರ್ಕ್‌ಶಾಪಿಗೆ ದಾನವಾಗಿ ಎಷ್ಟೋ ವರ್ಷವಾಯಿತು. ಅಮ್ಮನ ಬಾಯಿಂದ ಹೇಳಿಸಿದರೆ ಕಾರು ಹೋಗಿ ಕುಕ್ಕರ್ ಆಗಿರುತ್ತದೆ. ಅದಕ್ಕೇ ಈ ಕಾಗದ. ಮೂವತ್ತೆಂಟು ವರ್ಷ ಊರವರ ಸ್ಟಾರ್ಟರ್‌ಗಳನ್ನೆಲ್ಲ ಬಿಚ್ಚಿ ಕಟ್ಟಿದವರು ನೀವು. ಮಗಳದ್ದೊಂದನ್ನು ನೋಡಿಹೋಗಿ. ಬಸ್ಸಿನಲ್ಲಿ ಐದು ಗಂಟೆಯ ದಾರಿ. ಪಾಪುವಿಗೂ ಏಳು ತಿಂಗಳು ತುಂಬಿತು.

ನಿಮ್ಮ
ಬುಗುರಿ


ಫೆಬ್ರವರಿ 9

ಬುಗುರಿಗೆ ಅಪ್ಪನ ಆಶೀರ್ವಾದ.

ಕಾಗದ ಬಂತು. ನಾಲ್ಕು ಪುಟದಲ್ಲಿ ಕಾರಿನ ವಿಷಯ ಹುಡುಕಿ ತೆಗೆಯುವುದೇ ಒಂದು ರಿಪೇರಿ ಆಯಿತು.

ಬರಲಿಕ್ಕೆ ಆಗುವುದಿಲ್ಲ. ಕೆಲಸ ಇದೆ. ಪಾಪುವಿನ ಜ್ವರ ಇಳಿದದ್ದು ಓದಿ ನಿಮ್ಮಮ್ಮ ಸಮಾಧಾನ ಮಾಡಿಕೊಂಡಳು. ನಾನೂ ಓದಿದೆ.

ಕೇಳಿದ್ದಕ್ಕೆ ಮಾತ್ರ ಉತ್ತರ ಬರಿ. ಬ್ಯಾಟರಿಗೆ ಬರುವ ಎರಡು ತಂತಿಗಳು ಬಿಗಿಯಾಗಿವೆಯೋ? ಕೈಯಲ್ಲಿ ಅಲ್ಲಾಡಿಸಿ ನೋಡು. ಆಮೇಲೆ ಹೆಡ್‌ಲೈಟ್ ಹಾಕಿಕೊಂಡು ಕೀಲಿ ತಿರುಗಿಸು. ಟಕ್ ಅಂದಾಗ ದೀಪ ಹಾಗೇ ಇರುತ್ತದೋ, ಮಂಕಾಗುತ್ತದೋ, ಪೂರ್ತಿ ಆರುತ್ತದೋ? ದೀಪ ಸುಳ್ಳು ಹೇಳುವುದಿಲ್ಲ. ನಾನು ಕಿವಿ ಹೋದ ಮೇಲೂ ಕೆಲಸ ಮಾಡಿದ್ದು ದೀಪ ನೋಡಿಕೊಂಡೇ.

ಇಂತಿ
ಅಪ್ಪ


ಫೆಬ್ರವರಿ 14

ಅಪ್ಪಾ,

ಬರಲಿಕ್ಕೆ ಆಗುವುದಿಲ್ಲ, ಕೆಲಸ ಇದೆ. ಅಂದು ಹೆರಿಗೆ ಆಸ್ಪತ್ರೆಯಿಂದ ಊಟಕ್ಕೂ ನಿಲ್ಲದೆ ಹೊರಟಾಗಲೂ ಇದೇ ಮಾತು ಹೇಳಿದಿರಿ. ಏಳು ತಿಂಗಳಿಂದ ಮುಗಿಯದ ಆ ಕೆಲಸ ಯಾವುದೋ ನೋಡಬೇಕೆಂದು ನನಗೂ ಆಸೆ. ಅಮ್ಮ ಬಂದು ಬಾಣಂತನ ಮಾಡಿಹೋದಳು, ಟೈಲರ್ ಹೆಂಡತಿ ದಿನಾ ಬಂದು ಮಗುವನ್ನು ಆಡಿಸುತ್ತಾರೆ, ಅಣೆಕಟ್ಟಿನವರೂ ಆಗಾಗ ಬರುತ್ತಾರೆ. ನೀವು ಮಾತ್ರ ಪ್ರಶ್ನೆಪತ್ರಿಕೆ ಕಳಿಸುತ್ತೀರಿ.

ಉತ್ತರ ಬರೆಯುತ್ತೇನೆ. ಬ್ಯಾಟರಿ ಸರಿಯಾಗಿಯೇ ಇದೆ, ಅದನ್ನು ನಾನು ದಿನಾ ನೋಡುತ್ತೇನೆ. ಟಕ್ ಅಂದಾಗ ದೀಪ ಪೂರ್ತಿ ಆರಿಹೋಗುತ್ತದೆ. ಕೀಲಿ ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಹತ್ತುತ್ತದೆ.

ನೀವು ಕೇಳದೆ ಇರುವುದಕ್ಕೂ ಉತ್ತರ ಬರೆಯುತ್ತೇನೆ. ನನಗೆ ನಿದ್ದೆ ಬರುವುದಿಲ್ಲ. ಮಗು ಅತ್ತರೆ ಯಾಕೆ ಅತ್ತಿತು ಎಂದು ಏಳುತ್ತೇನೆ, ಅಳದಿದ್ದರೆ ಯಾಕೆ ಅಳುತ್ತಿಲ್ಲ ಎಂದು ಏಳುತ್ತೇನೆ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ. ಬೆರಳಿಗೆ ತಿಳಿಯದಿದ್ದರೆ ಕೆನ್ನೆ ಇಟ್ಟು ನೋಡುತ್ತೇನೆ. ಅಷ್ಟರಲ್ಲಿ ಅವಳಿಗೆ ಎಚ್ಚರವಾಗಿ ಕಿರುಚುತ್ತಾಳೆ, ಆಗ ನನಗೆ ಸಮಾಧಾನವಾಗುತ್ತದೆ. ಭೌತಶಾಸ್ತ್ರದಲ್ಲಿ ಮೊದಲ ದರ್ಜೆಯಲ್ಲಿ ಪಾಸಾದ ನಿಮ್ಮ ಮಗಳು ಈಗ ಮಾಡುವ ಪ್ರಯೋಗ ಇದೊಂದೇ.

ಬುಗುರಿ


ಫೆಬ್ರವರಿ 21

ಬುಗುರಿಗೆ ಆಶೀರ್ವಾದ.

ದೀಪ ಪೂರ್ತಿ ಆರಿದರೆ ತೊಂದರೆ ಬ್ಯಾಟರಿಯ ತಂತಿಯಲ್ಲಿ ಎಂದು ಬೇರೆಯವರಿಗಾದರೆ ಕಣ್ಣುಮುಚ್ಚಿ ಹೇಳುತ್ತಿದ್ದೆ. ಆದರೆ ಅದು ಸರಿಯಾಗಿದೆ, ದಿನಾ ನೋಡುತ್ತೇನೆ ಎಂದು ಬರೆದಿದ್ದೀಯ. ಕಣ್ಣಾರೆ ಕಂಡವಳು ನೀನು. ಹಾಗಾದರೆ ಸ್ಟಾರ್ಟರ್ ಒಳಗೇ ಇರಬೇಕು. ತಿರುಗುವ ಉರುಳೆಗೆ ಒತ್ತಿಕೊಂಡಿರುವ ಕಾರ್ಬನ್ ತುಂಡು ಸವೆದಿರಬಹುದು, ಉರುಳೆಯ ತಾಮ್ರ ಕೊಳೆಯಾಗಿರಬಹುದು. ಬಿಚ್ಚಬೇಕು.

ಆ ಮೆಕ್ಯಾನಿಕ್ ಕೈಗೆ ಕೊಡಬೇಡ. ನೀನೇ ಬಿಚ್ಚು. ಬೇರೆ ಹಾಳೆಯಲ್ಲಿ ಚಿತ್ರ ಬರೆದಿದ್ದೇನೆ. ಮೊದಲು ಬ್ಯಾಟರಿಯ ತಂತಿ ತೆಗೆ, ಅದನ್ನು ತೆಗೆಯದೆ ಕೈ ಹಾಕಬೇಡ. ಸ್ಟಾರ್ಟರ್ ಹಿಡಿದುಕೊಂಡಿರುವುದು ಎರಡೇ ಬೋಲ್ಟು. ಹಳೆಯ ಬಿಳಿ ಬಟ್ಟೆ ಹಾಸಿಕೊಂಡು, ತೆಗೆದ ಸಾಮಾನನ್ನು ತೆಗೆದ ಸಾಲಿನಲ್ಲೇ ಇಡು. ಕೊನೆಗೆ ತೆಗೆದದ್ದು ಮೊದಲು ಒಳಗೆ ಹೋಗಬೇಕು. ಹಿಂದಿನ ಮುಚ್ಚಳ ತೆಗೆಯುವಾಗ ನಾಲ್ಕು ಸ್ಪ್ರಿಂಗ್ ಇವೆ, ಹಾರುತ್ತವೆ, ಜೋಪಾನ. ತಾಮ್ರದ ಉರುಳೆಯನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜು. ಎಣ್ಣೆ ತಾಗಿಸಬೇಡ.

ಉಸಿರು ನೋಡುವ ವಿಷಯ ಓದಿದೆ.

ಅಪ್ಪ


ಮಾರ್ಚ್ 2

ಅಪ್ಪಾ,

ಬಿಚ್ಚಿದೆ. ಸಮಾಧಾನವಾಯಿತೇ?

ಬ್ಯಾಟರಿಯ ತಂತಿ ತೆಗೆಯುವುದು ಅರ್ಧ ನಿಮಿಷದ ಕೆಲಸ, ಅದರಲ್ಲಿ ನನಗೆ ಕೈ ಪಳಗಿದೆ. ಆಮೇಲಿನದಕ್ಕೆ ಮೂರು ದಿನ ಹಿಡಿಯಿತು. ಎರಡೇ ಬೋಲ್ಟು ಎಂದಿರಿ. ಮೇಲಿನದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಕೆಳಗಿನದು ಕೈಗೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಾಪು ಮಧ್ಯಾಹ್ನ ಮಲಗುವುದು ನಲವತ್ತು ನಿಮಿಷ. ಮೊದಲ ದಿನದ ನಲವತ್ತೂ ಸ್ಪ್ಯಾನರಿಗೆ ಬೋಲ್ಟಿನ ತಲೆ ಹುಡುಕಿಕೊಡುವುದರಲ್ಲಿ ಹೋಯಿತು. ಎರಡನೆಯ ದಿನ ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣು ಸುಲಿಯಿತು. ಮೂರನೆಯ ದಿನ ಸ್ಪ್ಯಾನರಿನ ಹಿಡಿಯನ್ನು ಕಾಲಿನಿಂದ ಒದ್ದೆ. ಅದು ನಿಮ್ಮ ಹಾಳೆಯಲ್ಲಿರಲಿಲ್ಲ. ಚಿಕ್ಕವಳಿದ್ದಾಗ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ನೋಡಿದ್ದು. ಒಳಗೆ ಕಾಲಿಟ್ಟರೆ “ಕೈ ಕೊಳೆ ಮಾಡ್ಕೋಬೇಡ, ಓದ್ಕೋ ಹೋಗು” ಎಂದು ಓಡಿಸುತ್ತಿದ್ದಿರಲ್ಲ, ಬಾಗಿಲಿನಿಂದಲೂ ಒಂದಿಷ್ಟು ಕಲಿಯಬಹುದು ನೋಡಿ.

ಸ್ಟಾರ್ಟರ್ ಹೆಚ್ಚುಕಡಿಮೆ ಹುಟ್ಟಿದಾಗಿನ ಪಾಪುವಿನಷ್ಟೇ ಭಾರವಿದೆ. ಬಟ್ಟೆ ಸುತ್ತಿ ಕಂಕುಳಲ್ಲಿ ಎತ್ತಿಕೊಂಡು ಒಳಗೆ ಬರುವಾಗ ಟೈಲರ್ ಹೆಂಡತಿ ಕಿಟಕಿಯಿಂದ, “ಎರಡನೇದು ಯಾವಾಗ ಆಯ್ತೇ ತಾಯಿ?” ಎಂದರು.

ಅಡುಗೆಮನೆಯ ನೆಲದಲ್ಲಿ ಬಟ್ಟೆ ಹಾಸಿ ಸಾಲಾಗಿ ಇಟ್ಟೆ. ಹಿಂದಿನ ಮುಚ್ಚಳ ತೆಗೆದಾಗ ಟಿಣ್ ಎಂದಿತು. ಎಣಿಸಿದೆ, ಸ್ಪ್ರಿಂಗ್ ಮೂರಿತ್ತು. ನಾಲ್ಕನೆಯದಿಲ್ಲ. ಗುಡಿಸಿದೆ, ಒಲೆಯ ಕೆಳಗೆ ಕಡ್ಡಿ ಆಡಿಸಿದೆ, ಹಿಟ್ಟಿನ ಡಬ್ಬಿ ಜರಡಿ ಹಿಡಿದೆ. ಪಾಪು ಬಾಗಿಲು ಹಾಕಿದ ಕೋಣೆಯಲ್ಲಿ ಮಲಗಿದ್ದಳು, ಸ್ಪ್ರಿಂಗ್ ಅಲ್ಲಿಗೆ ಹೋಗುವುದು ಸಾಧ್ಯವಿಲ್ಲ. ಸಾಧ್ಯವಿಲ್ಲ ಎಂದು ನನಗೆ ನಾನೇ ಇಪ್ಪತ್ತು ಸಲ ಹೇಳಿಕೊಂಡೆ. ಇಪ್ಪತ್ತೊಂದನೆಯ ಸಲಕ್ಕೆ ಮಗುವನ್ನೆತ್ತಿಕೊಂಡು ಬಾಡಿಗೆ ಗಾಡಿಯಲ್ಲಿ ಆಸ್ಪತ್ರೆಗೆ ಹೋದೆ. ಡಾಕ್ಟರು ಅವಳ ಬಾಯಿ ನೋಡಿದರು, ಹೊಟ್ಟೆ ಒತ್ತಿದರು. ಎಕ್ಸರೇ ತೆಗೆಯಲೇಬೇಕು ಎಂದು ನಾನು ಹಟಹಿಡಿದು ಮುಂದೆ ಬಗ್ಗಿದಾಗ, ನನ್ನ ಜಡೆಯಿಂದ ಏನನ್ನೋ ಬಿಡಿಸಿ ಮೇಜಿನ ಮೇಲಿಟ್ಟರು. “ಇದೇನಾ ನೋಡಮ್ಮ.”

ಅದೇ.

ಕಾರ್ಬನ್ ಪುಡಿ ಉಗುರು ಸಂದಿಯಿಂದ ಹೋಗುತ್ತಿಲ್ಲ. ಸೋಪು, ಸೀಮೆಎಣ್ಣೆ, ಹಿಟ್ಟು ಎಲ್ಲ ಆಯಿತು. ಮಗುವನ್ನು ಎತ್ತಿಕೊಳ್ಳುವ ಮೊದಲು ಮೊಣಕೈವರೆಗೆ ತಿಕ್ಕಿ ತಿಕ್ಕಿ ಚರ್ಮ ಉರಿಯುತ್ತಿದೆ. ಇದಕ್ಕೇನು ಮಾಡಬೇಕು ಬರೆಯಿರಿ. ನಿಮಗೆ ಗೊತ್ತಿರಬೇಕು.

ಬುಗುರಿ


ಮಾರ್ಚ್ 8

ಬುಗುರಿಗೆ ಆಶೀರ್ವಾದ.

ಸ್ಪ್ರಿಂಗ್ ನನ್ನ ಪೂರ್ತಿ ವೃತ್ತಿಯಲ್ಲಿ ನೂರು ಕಡೆ ಸಿಕ್ಕಿದೆ, ಜಡೆಯಲ್ಲಿ ಇದೇ ಮೊದಲು.

ಜೋಡಿಸುವಾಗ ನಾಲ್ಕು ಕಾರ್ಬನ್‌ಗಳನ್ನೂ ದಾರದಿಂದ ಹಿಂದಕ್ಕೆ ಎಳೆದು ಕಟ್ಟಿಕೋ. ಉರುಳೆ ಒಳಗೆ ಕೂತ ಮೇಲೆ ದಾರ ಕತ್ತರಿಸಿ ಎಳೆ. ಈ ಉಪಾಯ ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ. ಕಾರಿಗೆ ಹಾಕಿ, ಕೊನೆಗೆ ಬ್ಯಾಟರಿಯ ತಂತಿಗಳನ್ನು ಸ್ಪ್ಯಾನರ್ ಹಾಕಿ ಬಿಗಿ ಮಾಡು. ಕೈಯಲ್ಲಿ ತಿರುಗಿಸಿದರೆ ಸಾಲದು.

ಕೈ ಕೊಳೆಗೆ ಔಷಧಿ ಗೊತ್ತಿಲ್ಲ.

ಅಪ್ಪ

ಬುಗುರಿ, ಅಂಚೆಗೆ ಹಾಕು ಎಂದು ನಿಮ್ಮಪ್ಪ ಕೊಟ್ಟ ಲಕೋಟೆಯಲ್ಲಿ ಈ ಚೀಟಿ ನಾನು ತುರುಕಿದ್ದು. ಕೈ ಕೊಳೆಗೆ ಔಷಧಿ ಗೊತ್ತಿಲ್ಲವಂತೆ. ನಿನ್ನ ಹೆರಿಗೆ ಆಸ್ಪತ್ರೆಯಿಂದ ಬಂದಾಗಿನಿಂದ ಈ ಮನುಷ್ಯ ದಿನಾ ಸಂಜೆ ಬಚ್ಚಲಲ್ಲಿ ಕೂತು ಮುಕ್ಕಾಲು ಗಂಟೆ ಕೈ ಉಜ್ಜುತ್ತಾರೆ. ಇಟ್ಟಿಗೆ ಚೂರಿನಲ್ಲಿ ಉಜ್ಜಿ ಅಂಗೈ ಬಿರಿದಿದೆ. ಉಜ್ಜಿದ ಮೇಲೆ ಬೆಳಕಿಗೆ ಹಿಡಿದು ನೋಡಿಕೊಂಡು, “ಇನ್ನೂ ಹೋಗಿಲ್ಲ” ಅನ್ನುತ್ತಾರೆ. ಯಾಕ್ರೀ ಅಂದರೆ ಕಿವಿ ಕೇಳಿಸುವುದಿಲ್ಲ. ನಿನಗೇನಾದರೂ ಗೊತ್ತಾ?
— ಅಮ್ಮ


ಮಾರ್ಚ್ 17

ಅಪ್ಪಾ,

ಶುರುವಾಯಿತು. ಇವತ್ತು ಮಧ್ಯಾಹ್ನ ಎರಡೂಕಾಲು ಗಂಟೆಗೆ, ಒಂದೇ ಏಟಿಗೆ. ನಂಬಿಕೆಯಾಗದೆ ಆರಿಸಿ ಮತ್ತೆ ಹಚ್ಚಿದೆ, ಆರು ಸಲ. ಆರೂ ಸಲ. ಟೈಲರ್ ಹೊಲಿಗೆ ಬಿಟ್ಟು ಹೊರಗೆ ಬಂದರು. ಮೆಕ್ಯಾನಿಕ್ ಹಾದುಹೋಗುತ್ತಿದ್ದವನು ನಿಂತ. ಅವನ ಮುಖ ನೋಡಿದ ಸುಖಕ್ಕೆ ಇನ್ನೊಂದು ಸ್ಟಾರ್ಟರ್ ಬಿಚ್ಚಬಹುದು.

ದಾರದ ಉಪಾಯ ಯಾರಿಗೂ ಹೇಳಿಲ್ಲ. ಅಮ್ಮನ ಚೀಟಿಗೆ ಉತ್ತರ ಬೇರೆ ಬರೆಯುತ್ತೇನೆ. ಬರೆಯಬೇಕು.

ನಿಮ್ಮ ಬುಗುರಿ


ಮಾರ್ಚ್ 18

ಅಪ್ಪಾ,

ಟಕ್.

ನಿಮ್ಮ ಹಾಳೆ, ನಿಮ್ಮ ದಾರ, ನಿಮ್ಮ ಮೂವತ್ತೆಂಟು ವರ್ಷ, ನನ್ನ ಹದಿನೇಳು ಮಧ್ಯಾಹ್ನ, ನನ್ನ ಬೆರಳಿನ ಗೆಣ್ಣು. ಎಲ್ಲ ಸೇರಿ ಟಕ್. ನಿನ್ನೆ ಆರು ಸಲ ಹತ್ತಿದ್ದು ಇವತ್ತು ಬೆಳಿಗ್ಗೆ ಸತ್ತುಬಿದ್ದಿದೆ. ಇಂಥ ಕಾರು ಕೊಟ್ಟು ಐದು ಗಂಟೆಯ ದೂರದಲ್ಲಿ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಬರಿ ಎನ್ನುವ ಅಪ್ಪ ಯಾರಿಗಾದರೂ ಇದ್ದಾರೆಯೇ? ನಿನ್ನೆ ಸಂಜೆಯಿಂದ ಅದನ್ನು ಯಾರೂ ಮುಟ್ಟಿಲ್ಲ, ನಾನು ತಂತಿ ತೆಗೆದದ್ದು ಬಿಟ್ಟರೆ

ಇಲ್ಲಿಗೆ ನಿಲ್ಲಿಸಿ ಎದ್ದುಹೋಗಿದ್ದೆ. ಈಗ ಮಧ್ಯಾಹ್ನ. ಮೇಲಿನದನ್ನು ಹರಿದುಹಾಕುವುದಿಲ್ಲ, ಇರಲಿ.

ನಿಮಗೆ ಸುಳ್ಳು ಬರೆದೆ. ಬ್ಯಾಟರಿ ಸರಿಯಾಗಿಯೇ ಇದೆ ಎಂದು. ಪಾಪು ಹುಟ್ಟಿದ ಎರಡನೆಯ ತಿಂಗಳಲ್ಲಿ, ನಿಂತಿದ್ದ ಕಾರೊಂದರಲ್ಲಿ ತಂತಿ ಕಾದು ಬೆಂಕಿ ಹತ್ತಿದ ಸುದ್ದಿ ಪತ್ರಿಕೆಯಲ್ಲಿ ಓದಿದೆ. ನಮ್ಮ ಕಾರು ನಿಲ್ಲುವುದು ಪಾಪು ಮಲಗುವ ಕೋಣೆಯ ಕಿಟಕಿಗೆ ಅಂಟಿಕೊಂಡು. ಅಂದಿನಿಂದ ದಿನಾ ಸಂಜೆ ದೀಪ ಹಾಕುವ ಹೊತ್ತಿಗೆ ಬ್ಯಾಟರಿಯ ಒಂದು ತಂತಿ ತೆಗೆದಿಡುತ್ತೇನೆ, ಬೆಳಿಗ್ಗೆ ಮತ್ತೆ ಕೂರಿಸುತ್ತೇನೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಹುಚ್ಚು ಎನ್ನುತ್ತಾರೆ, ನಿದ್ದೆ ಮಾಡು ಎನ್ನುತ್ತಾರೆ. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ನಟ್ಟು. ಎಷ್ಟು ಬಿಗಿ ಬರುತ್ತದೆ? ನಿನ್ನೆ ಮಧ್ಯಾಹ್ನ ನೀವು ಹೇಳಿದ ಹಾಗೆ ಸ್ಪ್ಯಾನರ್ ಹಾಕಿ ಬಿಗಿದೆ, ಹತ್ತಿತು. ಸಂಜೆ ತೆಗೆದೆ. ಬೆಳಿಗ್ಗೆ ಕೈಯಲ್ಲಿ ಕೂರಿಸಿದೆ. ಟಕ್. ಈಗ ಸ್ಪ್ಯಾನರ್ ಹಾಕಿ ಬಿಗಿದು ಬಂದೆ. ಒಂದೇ ಏಟಿಗೆ ಹತ್ತಿತು.

ಆ ಮೆಕ್ಯಾನಿಕ್ ಕೈಯಿಟ್ಟು ಅದುಮುತ್ತಿದ್ದದ್ದು ಅದನ್ನೇ.

ಜ್ವರದ ಆ ಮಂಗಳವಾರವೂ ಬೆಳಿಗ್ಗೆ ನಾನೇ ಒಂದು ಕೈಯಲ್ಲಿ ಕೂರಿಸಿದ್ದೆ. ಹನ್ನೊಂದು ಸಲ ತಿರುಗಿಸಿದೆ ಎಂದು ನಿಮಗೆ ದೂರಿ ಬರೆದೆನಲ್ಲ. ಮಗುವಿಗೆ ಏನೂ ಆಗದಿರಲಿ ಎಂದು ನಾನು ಮಾಡಿಟ್ಟ ಕೆಲಸವೇ ಮಗುವನ್ನು ಆಸ್ಪತ್ರೆಗೆ ಹೋಗಗೊಡದೆ ಹಿಂದಿನ ಸೀಟಿನಲ್ಲಿ ತಡೆದಿತ್ತು. ಇದನ್ನು ನಿಮಗಲ್ಲದೆ ಯಾರಿಗೆ ಬರೆಯಲಿ?

ಇನ್ನು ಅಮ್ಮನ ಪ್ರಶ್ನೆ. ನನಗೆ ಗೊತ್ತು. ಆಸ್ಪತ್ರೆಯಲ್ಲಿ ನೀವು ತೊಟ್ಟಿಲಿಗೆ ಬಗ್ಗಿ ಕೈ ಚಾಚಿದಾಗ “ಆ ಕೈಯಲ್ಲಿ ಮುಟ್ಟಬೇಡಿ” ಎಂದವಳು ನಾನು. ನಿಮಗೆ ಕೇಳಿಸಲಿಲ್ಲ ಎಂದುಕೊಂಡಿದ್ದೆ. ಎಂಟು ತಿಂಗಳು ಹಾಗೆಂದೇ ನಂಬಿಸಿಕೊಂಡಿದ್ದೆ. ನೀವು ತುಟಿ ನೋಡಿ ಮಾತು ಓದುವವರು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ.

ಮೊನ್ನೆ ಉರುಳೆ ಉಜ್ಜುತ್ತಿದ್ದೆ. ಮೊಣಕೈವರೆಗೂ ಕಪ್ಪು. ಒಳಗೆ ಪಾಪು ಮಂಚದಿಂದ ಬಿದ್ದ ಸದ್ದಾಯಿತು. ಕೈ ತೊಳೆಯಬೇಕೆಂಬುದು ನೆನಪೇ ಆಗಲಿಲ್ಲ, ಓಡಿಹೋಗಿ ಎತ್ತಿ ಅವಚಿಕೊಂಡೆ. ಬಿದ್ದದ್ದು ಚಾಪೆಯ ಮೇಲೆ, ಏನೂ ಆಗಿಲ್ಲ. ಬಿಳಿ ಅಂಗಿಯ ಬೆನ್ನಿನ ಮೇಲೆ ನನ್ನ ಐದು ಬೆರಳೂ ಮೂಡಿದ್ದವು. ನಾಲ್ಕು ಸಲ ಒಗೆದೆ. ಹೋಗಿಲ್ಲ. ಅದನ್ನೇ ಹಾಕುತ್ತಿದ್ದೇನೆ.

ಇಟ್ಟಿಗೆ ಚೂರು ಬಿಸಾಡಿ ಅಪ್ಪಾ. ಕಾರು ನೋಡಲಿಕ್ಕೆ ಬರಬೇಕಾಗಿಲ್ಲ, ಕಾರು ಸರಿಯಾಗಿದೆ.

ಬುಗುರಿ


ಮಾರ್ಚ್ 23

ಬುಗುರಿಗೆ,

ದೀಪ ಒಂದು ಹೇಳಿತು, ನೀನು ಒಂದು ಹೇಳಿದೆ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ನಾನು ದೀಪವನ್ನು ನಂಬಲಿಲ್ಲ. ಹದಿನೇಳು ಮಧ್ಯಾಹ್ನ ಹಾಳಾದದ್ದರಲ್ಲಿ ನನ್ನ ಪಾಲೂ ಇದೆ. ಆದರೆ ಕಾರ್ಬನ್ ಹೇಗೂ ಸವೆದೇ ಇರುತ್ತದೆ, ಬಿಚ್ಚಿದ್ದು ನಷ್ಟವಲ್ಲ.

ಕೈ ಕೊಳೆ ಎಂಬ ಮಾತನ್ನು ನಿನಗೆ ಕಲಿಸಿದವನು ನಾನೇ. ಬಾಗಿಲಲ್ಲಿ ನಿಲ್ಲಿಸಿ ಕಲಿಸಿದೆ. ಆದ್ದರಿಂದ ಅದನ್ನು ಅಲ್ಲಿಗೆ ಬಿಡು.

ಹೆದರಬೇಡ ಎಂದು ಬರೆಯುವುದಿಲ್ಲ. ಅದರಿಂದ ಯಾರ ಹೆದರಿಕೆಯೂ ಹೋದದ್ದು ನಾನು ನೋಡಿಲ್ಲ. ನೀನು ತಿಂಗಳ ಕೂಸಾಗಿದ್ದಾಗ ನಿನ್ನ ಮೂಗಿನ ಮುಂದೆ ಹೊಸ ಸ್ಪ್ಯಾನರ್ ಹಿಡಿದು, ಹೊಳಪಿನ ಮೇಲೆ ಆವಿ ಕೂರುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ. ಬೆರಳಿಗಿಂತ ಅದು ವಾಸಿ. ನಿಮ್ಮಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಬ್ಯಾಟರಿಗೆ ಹಾಕುವ ಸ್ವಿಚ್ ಒಂದು ಬರುತ್ತದೆ, ಮೇಲೆ ಗುಂಡಿ ಇರುತ್ತದೆ. ಸಂಜೆ ಎರಡು ಬೆರಳಲ್ಲಿ ತಿರುಗಿಸಿದರೆ ತಂತಿ ತೆಗೆದ ಹಾಗೇ. ಬೆಳಿಗ್ಗೆ ಮತ್ತೆ ತಿರುಗಿಸಿದರೆ ಪೂರ್ತಿ ಬಿಗಿ. ಕಂಕುಳಲ್ಲಿ ಮಗು ಇದ್ದರೂ ಆಗುತ್ತದೆ. ಅದನ್ನು ತರುತ್ತಿದ್ದೇನೆ. ಗುರುವಾರ ಮಧ್ಯಾಹ್ನದ ಬಸ್ಸು. ನಿಮ್ಮಮ್ಮನೂ ಬರುತ್ತಾಳಂತೆ.

ಆ ಅಂಗಿ ತೆಗೆದಿಡು, ಒಗೆಯಬೇಡ.

ನಾನು ಬರುವವರೆಗೆ ಬ್ಯಾಟರಿ ಮುಟ್ಟಬೇಡ.

ಅಪ್ಪ